ದಿಟ್ಟಿಸಿ ನೋಡದ ಊರು: ಡಾ. ಮೆಕಿಂಡೊ ನೆನಪಿನಲ್ಲಿ

ಕಡಲೂರ ನರ್ಸ್

ನನ್ನ ಊರು ಕುಂದಾಪುರದ ಹತ್ತಿರ. ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು, ಅದರಲ್ಲಿ ಆರು ವರ್ಷ ಸುಟ್ಟಗಾಯದ ವಾರ್ಡಿನಲ್ಲೇ ಕಳೆದಿದ್ದೇನೆ. ಮೊನ್ನೆ ರಜೆಯ ದಿನ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಹೋಗಿದ್ದೆ. ಲಂಡನ್ನಿನ ದಕ್ಷಿಣಕ್ಕೆ, ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೆಚ್ಚುಕಡಿಮೆ ನಮ್ಮ ಕುಂದಾಪುರದಷ್ಟೇ ಊರು. ಅಲ್ಲಿನ ಪೇಟೆಬೀದಿಯಲ್ಲಿ ಒಂದು ಕಂಚಿನ ಪ್ರತಿಮೆಯಿದೆ. ವಾಯುಪಡೆಯ ಹುಡುಗನೊಬ್ಬ ಕುಳಿತಿದ್ದಾನೆ. ಮುಖ ಸುಟ್ಟಿದೆ, ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಹಿಂದೆ ನಿಂತ ವೈದ್ಯರು ಅವನ ಹೆಗಲ ಮೇಲೆ ಕೈಯಿಟ್ಟಿದ್ದಾರೆ, ಹುಡುಗ ತಲೆ ಹೊರಳಿಸಿ ಮೇಲೆ ನೋಡುತ್ತಿದ್ದಾನೆ. ಸುತ್ತಲೂ ಊರಿನವರು ಕೂರಲೆಂದು ಕಲ್ಲಿನ ಬೆಂಚು. 2014ರ ಜೂನ್‌ನಲ್ಲಿ ಅನಾವರಣವಾಗಿದ್ದು. ಕೆತ್ತಿದ ಮಾರ್ಟಿನ್ ಜೆನ್ನಿಂಗ್ಸ್ ಅವರ ತಂದೆಯೂ ಯುದ್ಧದಲ್ಲಿ ಸುಟ್ಟು ಇದೇ ವೈದ್ಯರ ಕೈಯಲ್ಲಿ ಚಿಕಿತ್ಸೆ ಪಡೆದವರು.

ಆ ವೈದ್ಯರು ಆರ್ಚಿಬಾಲ್ಡ್ ಮೆಕಿಂಡೊ. ಹುಟ್ಟಿದ್ದು 1900ರಲ್ಲಿ, ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ. 1960ರ ಏಪ್ರಿಲ್‌ನಲ್ಲಿ ನಿದ್ದೆಯಲ್ಲೇ ತೀರಿಕೊಂಡಾಗ ಅರುವತ್ತೂ ತುಂಬಿರಲಿಲ್ಲ. ಯುದ್ಧ ಶುರುವಾದ 1939ರಲ್ಲಿ ಇಡೀ ಬ್ರಿಟನ್ನಿಗೆ ಪೂರ್ಣಾವಧಿಯ ಪ್ಲಾಸ್ಟಿಕ್ ಸರ್ಜನ್‌ಗಳು ಇದ್ದದ್ದು ನಾಲ್ಕೇ ಜನ. ಅವರಲ್ಲಿ ಇವರೊಬ್ಬರು. ಈ ಊರಿನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ಅವರನ್ನು ಕಳುಹಿಸಿದರು. ಮುಂದಿನ ವರ್ಷ ಬ್ರಿಟನ್ನಿನ ಆಕಾಶದಲ್ಲಿ ಕಾಳಗ. ಪೈಲಟ್‌ನ ಎದುರಿಗೇ ಪೆಟ್ರೋಲ್ ಟ್ಯಾಂಕ್, ಅದಕ್ಕೆ ಗುಂಡು ತಗುಲಿದರೆ ಬೆಂಕಿ ನೇರ ಮುಖಕ್ಕೆ ಬರುತ್ತಿತ್ತು. ಹಿಡಿತ ಚೆನ್ನಾಗಿರಲೆಂದು ಕೈಗವಸು ತೆಗೆದಿಟ್ಟವರ, ನೋಟ ಸ್ಪಷ್ಟವಾಗಿರಲೆಂದು ಕಣ್ಣು ಕಾಯುವ ಹಾರಾಟದ ಕನ್ನಡಕ ಮೇಲೆ ಸರಿಸಿದವರ ಪಾಡು ಕೇಳುವುದೇ ಬೇಡ. ಇಪ್ಪತ್ತು, ಇಪ್ಪತ್ತೆರಡು ವರ್ಷದ ಮಕ್ಕಳು.

ಅವರ ಕತ್ತಿಯ ಕೈಚಳಕದ ಬಗ್ಗೆ ಬಲ್ಲವರು ಹೇಳಲಿ. ನರ್ಸ್ ಆಗಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮೂರನೆಯ ವಾರ್ಡು ಎಂದು ಹೆಸರಾದ ಆ ಮರದ ಶೆಡ್ಡಿನಲ್ಲಿ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಅಕ್ಕಪಕ್ಕದ ಮಂಚ. ಪಿಯಾನೊ ಇತ್ತು, ಬಿಯರಿನ ಪೀಪಾಯಿಯೂ ಇತ್ತು. ಗಾಯಾಳು ಸೈನಿಕರೆಲ್ಲ ತೊಡಬೇಕಾಗಿದ್ದ ಆಸ್ಪತ್ರೆಯ ನೀಲಿ ಬಟ್ಟೆಯನ್ನು ಅವರು ತೊಡಿಸಲಿಲ್ಲ. ಹುಡುಗರು ತಮ್ಮ ಸಮವಸ್ತ್ರದಲ್ಲೇ ಪೇಟೆಗೆ ಹೋಗಬಹುದಿತ್ತು. ಅದಕ್ಕೂ ಮೊದಲು ವೈದ್ಯರೇ ಊರಿನವರ ಬಳಿ ಹೋಗಿ ಹೇಳಿದ್ದರು: ನನ್ನ ಹುಡುಗರು ಬರುತ್ತಾರೆ, ಮನೆಗೆ ಕರೆಯಿರಿ, ಮುಖ ನೋಡಿಯೇ ಮಾತನಾಡಿ, ಬೆಚ್ಚಿ ಹಿಂದೆ ಸರಿಯಬೇಡಿ.

ಆ ಕಾಲದ ಚರ್ಮ ಕಸಿ ಎಂದರೆ ಈಗಿನಂತಲ್ಲ. ಹೆಗಲಿನದೋ ಹೊಟ್ಟೆಯದೋ ಚರ್ಮವನ್ನು ಕೊಳವೆಯಂತೆ ಸುತ್ತಿ ಮೂಗಿಗೆ ಹೊಲಿದು ವಾರಗಟ್ಟಲೆ ಹಾಗೆಯೇ ಬಿಡುತ್ತಿದ್ದರು. ಮುಖದಿಂದ ಆನೆಮರಿಯ ಸೊಂಡಿಲು ಇಳಿದಂತೆ ಕಾಣುತ್ತದೆ. ಅಂಥ ಮುಖ ಹೊತ್ತು ಈ ಹುಡುಗರು ಇದೇ ಬೀದಿಯಲ್ಲಿ ನಡೆದು ಸಿನಿಮಾಕ್ಕೆ ಹೋಗಿದ್ದಾರೆ, ಊರಿನ ಹುಡುಗಿಯರ ಜೊತೆ ಕುಣಿದಿದ್ದಾರೆ, ಕೆಲವರು ಮದುವೆಯೂ ಆಗಿದ್ದಾರೆ. ದಿಟ್ಟಿಸಿ ನೋಡದ ಊರು ಎಂಬ ಹೆಸರು ಈಸ್ಟ್ ಗ್ರಿನ್‌ಸ್ಟೆಡ್‌ಗೆ ಬಂದದ್ದು ಹೀಗೆ.

ಇಲ್ಲಿ ಸುಟ್ಟಗಾಯದ ಕಷ್ಟ ಬಲ್ಲವರು ಇದ್ದರೆ ಅವರೂ ಬರೆಯಲಿ ಎಂದು ಈ ಎಳೆ ಶುರುಮಾಡಿದ್ದೇನೆ.

ತಿಪಟೂರು ಮೇಷ್ಟ್ರು

ಒಳ್ಳೆಯ ಬರಹ ಸಿಸ್ಟರ್. ಒಂದು ಹಳೆಯ ಸಂಗತಿ ಸೇರಿಸುತ್ತೇನೆ, ಮಾತು ದಾರಿ ತಪ್ಪಿತು ಎಂದು ಬೈಯಬೇಡಿ. ಆ ಸೊಂಡಿಲಿನ ಕಸಿ ಮೆಕಿಂಡೊ ಅವರದಲ್ಲ. ಅವರ ನೆಂಟ, ಮೊದಲ ಮಹಾಯುದ್ಧದ ಹ್ಯಾರಲ್ಡ್ ಗಿಲ್ಲಿಸ್ 1917ರಲ್ಲಿ ಮಾಡಿದ್ದು. ಆದರೆ ಚರ್ಮವನ್ನು ಪೂರ್ತಿ ಕತ್ತರಿಸದೆ, ಒಂದು ತುದಿ ಅಂಟಿಕೊಂಡಿರುವಂತೆ ಬಿಟ್ಟು ತಿರುಗಿಸುವ ಉಪಾಯ ಇಂಗ್ಲೆಂಡಿನವರ ಕಣ್ಣಿಗೆ ಬಿದ್ದದ್ದು ನಮ್ಮ ಟಿಪ್ಪು ಯುದ್ಧದ ದೆಸೆಯಿಂದ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಸ್ಜಿ ಎಂಬ ಮರಾಠಿಗ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳುಹಿಸಿದರು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಕಸುಬಿನ ಕುಲದವನೊಬ್ಬ ಅವನ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿಕೊಟ್ಟ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್‌ನಲ್ಲಿ ಇದು ಚಿತ್ರಸಹಿತ ಅಚ್ಚಾಯಿತು. ಕಾರ್ಪ್ಯೂ ಎಂಬ ವೈದ್ಯರು ಅದನ್ನು ಓದಿ, 1814ರಲ್ಲಿ ಲಂಡನ್ನಿನಲ್ಲಿ ಮಾಡಿ ನೋಡಿದರು.

ಗಾಡಿಯವನ ಹೆಸರು ಉಳಿಯಿತು, ಮೂಗು ಕಟ್ಟಿದವನ ಹೆಸರು ಯಾರೂ ಬರೆದಿಡಲಿಲ್ಲ.

ಒಗ್ಗರಣೆ ಡಬ್ಬಿ

ಎಲ್ಲರೂ ಕೈಮುಗಿಯುವಾಗ ನಾನು ಒಗ್ಗರಣೆ ಹಾಕುತ್ತಿದ್ದೇನೆ, ಕ್ಷಮಿಸಿ. ದೇಶಕ್ಕಾಗಿ ಸುಟ್ಟುಕೊಂಡವರನ್ನು ಊರು ದಿಟ್ಟಿಸಲಿಲ್ಲ, ಸರಿ. ಅವರು ಗಂಡಸರು, ಯೋಧರು, ಹೆಗಲ ಮೇಲೆ ಪಟ್ಟಿ ಇದ್ದವರು. ನಮ್ಮಲ್ಲಿ ಸುಟ್ಟವರು ಯಾರು? ನಾನು ಶಾಲೆಗೆ ಹೋಗುತ್ತಿದ್ದಾಗ ಪತ್ರಿಕೆಯ ಒಳಪುಟದಲ್ಲಿ ಮೂರು ಸಾಲಿನ ಸುದ್ದಿ ಇದ್ದೇ ಇರುತ್ತಿತ್ತು: ಸ್ಟೌ ಸಿಡಿದು ಗೃಹಿಣಿ ಸಾವು. ಆ ಸ್ಟೌ ಅದೆಷ್ಟು ಜಾಣ ಸ್ಟೌ ಎಂದರೆ ಅತ್ತೆ ಅಡುಗೆ ಮಾಡುವಾಗ ಸಿಡಿಯುತ್ತಿರಲಿಲ್ಲ, ಮಗ ಕಾಫಿ ಕಾಯಿಸುವಾಗ ಸಿಡಿಯುತ್ತಿರಲಿಲ್ಲ, ಸೊಸೆಯನ್ನೇ ಹುಡುಕಿಕೊಂಡು ಬಂದು ಸಿಡಿಯುತ್ತಿತ್ತು. ನಮ್ಮ ಓಣಿಯಲ್ಲೇ ಒಬ್ಬರು ಬದುಕಿ ಬಂದರು. ಅವರು ನೀರಿಗೆ ಬಂದರೆ ಕೊಳಾಯಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೊಡ ತುಂಬಿಸಿಕೊಂಡು ಹೋಗುತ್ತಿದ್ದರು. ಅವರಿಗೆ ಪಿಯಾನೊ ಯಾರು ತಂದಿಟ್ಟರು?

ಇನ್ನೊಂದು ಮಾತು. ಮೂರನೆಯ ವಾರ್ಡಿಗೆ ನರ್ಸ್‌ಗಳನ್ನು ಆರಿಸುವಾಗ ಚೆಲುವನ್ನೂ ನೋಡುತ್ತಿದ್ದರು ಎಂದು ಓದಿದ್ದೇನೆ. ಹುಡುಗರ ಮನಸ್ಸು ಅರಳಲಿ ಎಂದಂತೆ. ಆ ಹೆಣ್ಣುಮಕ್ಕಳನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?

ಕಡಲೂರ ನರ್ಸ್

ಅಕ್ಕ, ನೀವು ಓದಿದ್ದು ನಿಜ. ಹುಡುಗರ ಕೀಟಲೆ ಮಿತಿ ಮೀರಿದರೂ ಅಲ್ಲಿ ಸಹಿಸಿಕೊಳ್ಳಬೇಕಾಗಿತ್ತು. ಇಂದು ನನ್ನ ವಾರ್ಡಿನಲ್ಲಿ ಹಾಗೆ ನಡೆದರೆ ನಾನೇ ಮೊದಲು ದೂರು ಬರೆಯುತ್ತೇನೆ. ಮೆಕಿಂಡೊ ಸಂತರಲ್ಲ. ಮುಂಗೋಪಿ, ಹಟಮಾರಿ, ಮೇಲಧಿಕಾರಿಗಳ ಜೊತೆ ಜಗಳ ಕಾಯುವ ಮನುಷ್ಯ. ಆದರೆ ಅದೇ ಹಟವೇ ಹುಡುಗರಿಗೆ ಅನ್ನವಾಯಿತು. ಗಾಯಗೊಂಡವನು ತೊಂಬತ್ತು ದಿನದೊಳಗೆ ಕೆಲಸಕ್ಕೆ ಮರಳದಿದ್ದರೆ ಸೇನೆಯಿಂದ ಕಳುಹಿಸಿಬಿಡುವ ನಿಯಮ ಆಗ ಇತ್ತು. ಮುಖ ಕಟ್ಟಲು ಎರಡು ಮೂರು ವರ್ಷ ಬೇಕು, ಸಂಬಳ ಮೂರು ತಿಂಗಳಿಗೆ ನಿಂತರೆ ಅವನು ಉಣ್ಣುವುದೇನು ಎಂದು ಹೋರಾಡಿದರು. ಎಡಗೈಯವರು ಇಲ್ಲೇ ಇದ್ದಾರಲ್ಲ, ಅವರು ಏನು ಹೇಳುತ್ತಾರೋ ನೋಡೋಣ.

ಎಡಗೈ

ಕರೆದಿರಿ, ಬಂದೆ.

ನಾನು ಸುಟ್ಟದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಬಚ್ಚಲ ಒಲೆಯ ಮುಂದೆ. ಹಸಿ ಸೌದೆ ಹತ್ತಿಕೊಳ್ಳಲಿಲ್ಲ ಎಂದು ಡಬ್ಬಿಯಿಂದ ಸೀಮೆಎಣ್ಣೆ ಸುರಿದೆ. ಜಾಣತನ ನನ್ನದೇ, ಯಾರ ಮೇಲೂ ಹಾಕುವಂತಿಲ್ಲ. ಬಲಗೈಯ ಬೆರಳುಗಳು ಅಂಗೈಗೆ ಅಂಟಿಕೊಂಡವು. ಗದ್ದ ಎದೆಗೆ ಎಳೆದುಕೊಂಡಿತ್ತು. ಅದನ್ನು ಬಿಡಿಸಿದ್ದೇ ನಾಲ್ಕು ಆಪರೇಷನ್. ಎಡಗೈ ಬಿಡುವಾಗಿ ಆಡುತ್ತದೆ, ಆದರೆ ಬೆರಳ ತುದಿಗಳ ಗೆರೆಗಳು ಉಳಿದಿಲ್ಲ.

ಮುಖ ತೋರಿಸುವುದಕ್ಕೆ ನಾನು ಎಂದೋ ಒಗ್ಗಿಹೋದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೆ ತುಂಬುತ್ತದೆ, ಆರಾಮಾಗಿ ಕಾಲು ಚಾಚುತ್ತೇನೆ. ಸಹಿಸಲಾಗದ್ದು "ಅಯ್ಯೋ ಪಾಪ". ಅದರ ಹಿಂದೆಯೇ ನಾಲಿಗೆ ಲೊಚಗುಟ್ಟುವ ಸದ್ದು ಬರುತ್ತದೆ, ಅದು ಇನ್ನೂ ಕಷ್ಟ. ಒಂದು ಮದುವೆಮನೆಯಲ್ಲಿ ಐದು ವರ್ಷದ ಹುಡುಗ ನೇರ ಬಂದು, "ಮಾಮ, ನಿನ್ನ ಕುತ್ತಿಗೆ ಯಾಕೆ ಹೀಗಿದೆ?" ಎಂದು ಕೇಳಿದ. ಬೆಂಕಿ ತಗುಲಿತು ಎಂದೆ. ನೋವಾಯಿತಾ ಎಂದ. ಆಯಿತು ಎಂದೆ. ಸರಿ, ನನ್ನ ಕಾರು ನೋಡು ಎಂದ. ಅಷ್ಟರಲ್ಲಿ ಅವನ ತಾಯಿ ಓಡಿ ಬಂದು ತೊಡೆ ಚಿವುಟಿ ಎಳೆದುಕೊಂಡು ಹೋದರು. ಆ ಮನೆಯಲ್ಲಿ ನನ್ನ ಜೊತೆ ಸರಿಯಾಗಿ ಮಾತನಾಡಿದವನು ಅವನೊಬ್ಬನೇ, ಪೆಟ್ಟು ತಿಂದವನೂ ಅವನೇ.

ಮೆಕಿಂಡೊ ಅವರ ಹುಡುಗರ ಗಿನಿ ಪಿಗ್ ಕ್ಲಬ್ಬಿನ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? 1941ರ ಜುಲೈಯಲ್ಲಿ ಕುಡಿಯುವ ನೆಪಕ್ಕೆ ಕಟ್ಟಿಕೊಂಡ ಸಂಘ. ನಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯಲ್ಲ, ನಾವು ಗಿನಿ ಇಲಿಗಳು ಎಂದು ತಾವೇ ಇಟ್ಟುಕೊಂಡ ಹೆಸರು. ಖಜಾಂಚಿಯಾಗಿ ಕಾಲು ಸುಟ್ಟವನನ್ನು ಆರಿಸಿದರು, ದುಡ್ಡು ಹಿಡಿದು ಓಡಿಹೋಗಲಾರ ಎಂದು. ಕಾರ್ಯದರ್ಶಿಯಾಗಿ ಬೆರಳು ಸುಟ್ಟವನನ್ನು ಹಾಕಿದರು, ಉದ್ದುದ್ದ ವರದಿ ಬರೆಯಲಾರ ಎಂದು. ನಾನು ಇದನ್ನು ಮೊದಲ ಸಲ ಓದಿದಾಗ ರಾತ್ರಿ ಹನ್ನೊಂದು ಗಂಟೆ. ಒಬ್ಬನೇ ಗಟ್ಟಿಯಾಗಿ ನಕ್ಕೆ, ಪಕ್ಕದ ಕೋಣೆಯಿಂದ ಅಮ್ಮ ಎದ್ದು ಬಂದರು. ಮೂವತ್ತೊಂಬತ್ತು ಜನರಿಂದ ಶುರುವಾದದ್ದು ಯುದ್ಧ ಮುಗಿಯುವಾಗ 649 ಜನ. 2007ರವರೆಗೆ ವರ್ಷ ವರ್ಷವೂ ಸೇರಿ ಊಟ ಮಾಡಿದ್ದಾರೆ.

ಒಗ್ಗರಣೆ ಅಕ್ಕ, ನಿಮ್ಮ ಓಣಿಯ ಆ ತಾಯಿಗೆ ಬೇಕಾಗಿದ್ದದ್ದು ಪಿಯಾನೊ ಅಲ್ಲ ಅನ್ನಿಸುತ್ತದೆ. ತನ್ನಂತೆಯೇ ಸುಟ್ಟ ಇನ್ನೊಬ್ಬಳು ಪಕ್ಕದಲ್ಲಿ ನಿಂತು, "ನಿನ್ನ ಮೂಗಿಗಿಂತ ನನ್ನದೇ ವಾಸಿ ಕಣೇ" ಎಂದಿದ್ದರೆ ಸೆರಗು ತಾನಾಗಿಯೇ ಕೆಳಗೆ ಇಳಿಯುತ್ತಿತ್ತೇನೋ.

ಪಿಜಿ ಎರಡನೇ ವರ್ಷ

ನೈಟ್ ಡ್ಯೂಟಿಯ ನಡುವೆ ಬರೆಯುತ್ತಿದ್ದೇನೆ. ಕತ್ತಿಯ ಕೈಚಳಕದ ಬಗ್ಗೆ ಬಲ್ಲವರು ಹೇಳಲಿ ಎಂದು ಸಿಸ್ಟರ್ ಬರೆದಿದ್ದಾರೆ. ನಾನು ಬಲ್ಲವನಲ್ಲ, ಕಲಿಯುತ್ತಿರುವವನು. ಆದರೂ ಎರಡು ಸಂಗತಿ.

ಆಗ ಸುಟ್ಟಗಾಯಕ್ಕೆ ಟ್ಯಾನಿಕ್ ಆಸಿಡ್ ಹಚ್ಚುತ್ತಿದ್ದರು. ಚಹಾದ ಒಗರಿನಲ್ಲಿ, ಚರ್ಮ ಹದಮಾಡುವ ತೊಗಟೆಯಲ್ಲಿ ಇರುವ ಅದೇ ವಸ್ತು. ಅದು ಗಾಯದ ಮೇಲೆ ಒಣಗಿ ತೊಗಲಿನಂಥ ಗಟ್ಟಿ ಪೊರೆಯಾಗುತ್ತದೆ. ಹೊಟ್ಟೆಯ ಮೇಲೆ ಆದರೆ ಹೇಗೋ ನಡೆದೀತು. ಬೆರಳಿನ ಮೇಲೆ ಗಟ್ಟಿಯಾದರೆ ಒಳಗೆ ರಕ್ತ ಓಡುವುದಿಲ್ಲ, ಕೈ ಮುಷ್ಟಿ ಕಟ್ಟಿದಂತೆ ಸೆಟೆಯುತ್ತದೆ. ರೆಪ್ಪೆಯ ಮೇಲೆ ಆದರೆ ಕಣ್ಣು ಮುಚ್ಚಲಾಗದೆ ಪಾಪೆ ಒಣಗುತ್ತದೆ. ಮೆಕಿಂಡೊ ಹಟ ಹಿಡಿದು ಮುಖ ಮತ್ತು ಕೈಗೆ ಅದನ್ನು ಬಳಸುವುದನ್ನು ನಿಲ್ಲಿಸಿದರು. ಅದರ ಬದಲು ಉಪ್ಪುನೀರಿನ ಸ್ನಾನ. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ ನೆಲಕ್ಕೆ ಬಿದ್ದವರ ಗಾಯಕ್ಕಿಂತ ಚೆನ್ನಾಗಿ ಮಾಯುತ್ತಿದ್ದದ್ದು ಗಮನಕ್ಕೆ ಬಂದಿತ್ತು. ಬಿಸಿಯಿರುವ ಉಪ್ಪುನೀರಿನಲ್ಲಿ ನೆನೆಸಿದರೆ ಪಟ್ಟಿ ತಾನಾಗಿ ಬಿಡುತ್ತದೆ, ಕಿತ್ತು ತೆಗೆಯುವ ಯಾತನೆ ಇಲ್ಲ. ಬೆರಳನ್ನು ನೀರಿನೊಳಗೇ ಆಡಿಸಬಹುದು.

ನಗಬೇಡಿ, ಟ್ಯಾನಿಕ್ ಆಸಿಡ್ಡಿನ ಕಾಲ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಈ ವಾರವೇ ನಾನು ಗಾಯದ ಮೇಲಿಂದ ಟೂತ್‌ಪೇಸ್ಟ್ ಕೆರೆದಿದ್ದೇನೆ, ದೋಸೆ ಹಿಟ್ಟು ತೊಳೆದಿದ್ದೇನೆ, ಶಾಯಿ ಬಳಿದುಕೊಂಡು ಬಂದವರಲ್ಲಿ ಗಾಯ ಎಷ್ಟು ಆಳ ಎಂದು ತಿಳಿಯಲು ಒದ್ದಾಡಿದ್ದೇನೆ. ಮೊಟ್ಟೆಯ ಬಿಳಿ, ಅರಿಶಿನ, ತುಪ್ಪ ಯಾವುದೂ ಬೇಡ. ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ ಬೇಡ. ಬಳೆ, ಉಂಗುರ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಕರೆತನ್ನಿ. ಇಪ್ಪತ್ತು ನಿಮಿಷ ಎಂದರೆ ಗಡಿಯಾರ ನೋಡಿ ಇಪ್ಪತ್ತು.

ಇನ್ನೊಂದು, ರೆಪ್ಪೆ. ಮುಖ ಸುಟ್ಟವರಿಗೆ ಮೆಕಿಂಡೊ ಮೊದಲು ಕಟ್ಟುತ್ತಿದ್ದದ್ದೇ ರೆಪ್ಪೆ. ಕಣ್ಣು ಮುಚ್ಚಿ ಮಲಗಲು ಆಗದವನಿಗೆ ಮೂಗು ಕಟ್ಟಿ ಏನು ಪ್ರಯೋಜನ?

ಎಡಗೈ

ಡಾಕ್ಟರೇ, ರೆಪ್ಪೆಯ ಮಾತು ಬಂದದ್ದು ಒಳ್ಳೆಯದಾಯಿತು. ಬ್ಯಾಂಕಿನವರ ಆನ್‌ಲೈನ್ ಕೆವೈಸಿಯಲ್ಲಿ ಜೀವಂತ ಇದ್ದೀರಿ ಎಂದು ತೋರಿಸಲು ಕಣ್ಣು ಮಿಟುಕಿಸಿ ಎನ್ನುತ್ತಾರೆ. ರೆಪ್ಪೆ ಇಲ್ಲದವರು ಏನು ಮಾಡಬೇಕು? ಆಸಿಡ್ ದಾಳಿಯಿಂದ ಬದುಕುಳಿದವರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು: ಇಂಥವರಿಗೂ ಆಗುವಂತೆ ಕೆವೈಸಿಯ ಕ್ರಮ ಬದಲಿಸಿ, ಡಿಜಿಟಲ್ ಸೌಲಭ್ಯ ಸಿಗುವುದು ಬದುಕುವ ಹಕ್ಕಿನದೇ ಭಾಗ ಎಂದು.

ನನ್ನ ಕಥೆ ಇನ್ನೂ ಸಣ್ಣದು. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ನನ್ನ ಬೆರಳು ಹಿಡಿಸುವುದಿಲ್ಲ. ತಿಂಗಳು ತಿಂಗಳೂ ಅದೇ ನಾಟಕ: ಒರೆಸಿ ಇಡಿ, ಒತ್ತಿ ಇಡಿ, ಬೇರೆ ಬೆರಳು ಇಡಿ. ಹಿಂದೆ ಸಾಲಿನಲ್ಲಿ ಚೀಲ ಹಿಡಿದವರು ನಿಟ್ಟುಸಿರು ಬಿಡುತ್ತಾರೆ. ಅಕ್ಕಿ ಬಿಟ್ಟು ಬಂದದ್ದೂ ಉಂಟು.

ಒಗ್ಗರಣೆ ಡಬ್ಬಿ

ಕಾನೂನಿನ ಮಾತು ಬಂತಲ್ಲ, ಇದನ್ನೂ ಬರೆದುಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಸಿಡ್ ದಾಳಿಗೆ ಒಳಗಾದವರು ಇದ್ದಾರೆ, ಅದು ಬಹು ಹೋರಾಟದ ಫಲ. ಸೀಮೆಎಣ್ಣೆಯಿಂದ ಅದೇ ಮುಖ ಅಷ್ಟೇ ಸುಟ್ಟರೆ ಆ ಹೆಸರಿನಡಿ ಬರುವುದಿಲ್ಲ. ಕೈಕಾಲು ಆಡುವುದು ಎಷ್ಟು ಕುಗ್ಗಿದೆ ಎಂದು ಶೇಕಡಾವಾರು ಅಳೆಸಿಕೊಂಡು ಪ್ರಮಾಣಪತ್ರ ತರಬೇಕು. ಮುಖ ಆಡುವ ಅಂಗವಲ್ಲವಂತೆ.

ಎಡಗೈಯವರೇ, ನಿಮ್ಮ ಮಾತಿಗೆ ನಾನು ಒಪ್ಪಿದ್ದೇನೆ, ಪೂರ್ತಿ ಅಲ್ಲ. ಹುಡುಗರಿಗೆ ಸಂಘವೂ ಇತ್ತು, ಸಂಬಳವೂ ಇತ್ತು. ನಮ್ಮವರಿಗೆ ಎರಡೂ ಬೇಕು.

ತಿಪಟೂರು ಮೇಷ್ಟ್ರು

ಇಷ್ಟು ಹೊತ್ತು ಇಂಗ್ಲೆಂಡ್ ಇಂಗ್ಲೆಂಡ್ ಎಂದೆವು, ಬೆಂಗಳೂರಿನ ಡಾ. ಪ್ರೇಮಾ ಧನರಾಜ್ ಅವರನ್ನು ಯಾರೂ ನೆನೆಯಲಿಲ್ಲವೇ? ಎಂಟನೆಯ ವಯಸ್ಸಿನಲ್ಲಿ ಅಡುಗೆಮನೆಯ ಸ್ಟೌ ಸಿಡಿದು ದೇಹದ ಅರ್ಧ ಸುಟ್ಟಿತು. ಮುಖ, ಕುತ್ತಿಗೆ, ಕೈ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಹದಿನಾಲ್ಕು ಶಸ್ತ್ರಚಿಕಿತ್ಸೆ. ಮಗಳು ಬದುಕಿದರೆ ಇದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸ ಮಾಡುತ್ತಾಳೆ ಎಂದು ತಾಯಿ ಹರಕೆ ಹೊತ್ತಿದ್ದರಂತೆ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಪ್ಲಾಸ್ಟಿಕ್ ಸರ್ಜನ್ ಆಗಿ, ಅದೇ ವೆಲ್ಲೂರಿನ ವಿಭಾಗಕ್ಕೆ ಮುಖ್ಯಸ್ಥೆಯಾದರು. 1999ರಲ್ಲಿ ಬೆಂಗಳೂರಿನಲ್ಲಿ ಅಗ್ನಿ ರಕ್ಷಾ ಸಂಸ್ಥೆ ಕಟ್ಟಿದರು. ಸುಟ್ಟಗಾಯದ ಬಡವರಿಗೆ 25,000ಕ್ಕೂ ಹೆಚ್ಚು ಉಚಿತ ಶಸ್ತ್ರಚಿಕಿತ್ಸೆ ಮಾಡಿಸಿದ ಲೆಕ್ಕ ಅವರದು. 2024ರಲ್ಲಿ ಪದ್ಮಶ್ರೀ ಬಂತು.

ಮೆಕಿಂಡೊ ಅವರಿಗೆ ಇಲ್ಲದ ಒಂದು ಸಂಗತಿ ಇವರಿಗಿದೆ. ಇವರು ಮಂಚದ ಪಕ್ಕ ನಿಂತರೆ ರೋಗಿ ಇವರ ಮುಖವನ್ನೇ ನೋಡುತ್ತಾನೆ. ಧೈರ್ಯದ ಮಾತು ಹೇಳುವ ಕೆಲಸ ಅಲ್ಲಿಗೇ ಅರ್ಧ ಮುಗಿಯುತ್ತದೆ.

ಪಿಜಿ ಎರಡನೇ ವರ್ಷ

ಮೇಷ್ಟ್ರೇ, ನೆನಪಿಸಿದ್ದು ಬಹಳ ಒಳ್ಳೆಯದಾಯಿತು. ನಡುವೆ ಒಂದು ಕೋರಿಕೆ. ಕಣ್ಣುದಾನದಂತೆ ಚರ್ಮದಾನವೂ ಇದೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ. ಸತ್ತ ಆರು ಗಂಟೆಯೊಳಗೆ ತೊಡೆ ಮತ್ತು ಬೆನ್ನಿನಿಂದ ತೆಳುವಾದ ಪದರ ಮಾತ್ರ ತೆಗೆಯುತ್ತಾರೆ. ರಕ್ತ ಸುರಿಯುವುದಿಲ್ಲ, ದೇಹ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಲ್ಲ. ಹೆಚ್ಚು ಸುಟ್ಟವರಿಗೆ ಅವರದೇ ಚರ್ಮ ಸಾಲದಿರುವಾಗ ಇದು ಮೇಲುಹೊದಿಕೆಯಾಗಿ ಜೀವ ಉಳಿಸುತ್ತದೆ. ಮನೆಯವರಿಗೆ ಈಗಲೇ ಹೇಳಿಡಿ.

ಹೊಸ ಸದಸ್ಯೆ

ನಮಸ್ಕಾರ. ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬಂದಿರಲಿಲ್ಲ. ನನ್ನ ಮಗಳಿಗೆ ಆರು ವರ್ಷ. ಕಳೆದ ದೀಪಾವಳಿಯ ಹೊತ್ತಿಗೆ ಕುದಿಯುವ ಸಾರಿನ ಪಾತ್ರೆ ಎಳೆದುಕೊಂಡಳು. ಕೆನ್ನೆ, ಕುತ್ತಿಗೆ, ಒಂದು ಭುಜ. ಗಾಯ ಮಾಗಿದೆ, ಗುಲಾಬಿ ಬಣ್ಣದ ಗಂಟುಗಳಾಗಿವೆ. ಗಂಟು ಉಬ್ಬದಂತೆ ಒತ್ತಿಡುವ ಬಿಗಿ ಅಂಗಿಯನ್ನು ದಿನಕ್ಕೆ ಇಪ್ಪತ್ತಮೂರು ಗಂಟೆ ಹಾಕಿಸಿ ಎಂದಿದ್ದಾರೆ, ಸೆಕೆಗೆ ಅಳುತ್ತಾಳೆ. ಜೂನ್‌ನಲ್ಲಿ ಶಾಲೆ ಶುರು. ಮಕ್ಕಳು ಏನಾದರೂ ಅಂದರೆ ಎಂದು ನನಗೆ ನಿದ್ದೆಯಿಲ್ಲ. ಒಂದು ವರ್ಷ ಬಿಟ್ಟು ಕಳುಹಿಸಲೇ?

ಕಡಲೂರ ನರ್ಸ್

ಬಿಡಬೇಡಿ ತಂಗಿ, ಕಳುಹಿಸಿ. ಆದರೆ ಅವಳಿಗಿಂತ ಒಂದು ವಾರ ಮುಂಚೆ ನೀವು ಶಾಲೆಗೆ ಹೋಗಿ. ಇಲ್ಲಿ ನಾವು ಹಾಗೆಯೇ ಮಾಡುತ್ತೇವೆ. ಮಗು ಶಾಲೆಗೆ ಮರಳುವ ಮೊದಲು ನಮ್ಮಲ್ಲಿ ಒಬ್ಬರು ತರಗತಿಗೆ ಹೋಗಿ ಕೂತು ಮಕ್ಕಳ ಜೊತೆ ಮಾತನಾಡುತ್ತೇವೆ. ಒಂದು ಬಿಗಿ ಅಂಗಿಯನ್ನು ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡುತ್ತೇವೆ. ಇದು ಅಂಟುರೋಗವಲ್ಲ, ಆಟಕ್ಕೆ ತೊಂದರೆಯಿಲ್ಲ, ಕೇಳಬೇಕಾದ್ದನ್ನು ಈಗಲೇ ಕೇಳಿ ಎನ್ನುತ್ತೇವೆ. ಮಕ್ಕಳ ಪ್ರಶ್ನೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಟೀಚರುಗಳದೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಮಗಳಿಗೂ ಒಂದು ವಾಕ್ಯ ಕಲಿಸಿಡಿ. "ಬಿಸಿ ಸಾರು ಬಿತ್ತು, ಈಗ ವಾಸಿಯಾಗಿದೆ." ಯಾರು ಕೇಳಿದರೂ ಅಷ್ಟೇ ಹೇಳಿ ಆಟಕ್ಕೆ ಓಡಲಿ. ಬಿಗಿ ಅಂಗಿ ಎರಡು ಹೊಲಿಸಿ. ಒಂದು ಒಗೆದು ಒಣಗುವಷ್ಟರಲ್ಲಿ ಇನ್ನೊಂದು ಮೈಮೇಲಿರಲಿ. ಬಿಸಿಲಿಗೆ ಕೆನ್ನೆ ಮುಚ್ಚುವಂಥ ಅಗಲ ಅಂಚಿನ ಟೋಪಿ ಕೊಡಿಸಿ.

ಎಡಗೈ

ನೀವು ಯಾವ ಊರು ಎಂದು ಇಲ್ಲಿ ಬರೆಯಬೇಡಿ, ಖಾಸಗಿ ಸಂದೇಶ ಕಳುಹಿಸಿ. ಬಸ್ಸಿನಲ್ಲಿ ನಾಲ್ಕು ಗಂಟೆಯ ಒಳಗಿನ ದಾರಿಯಾದರೆ ನಾನೇ ಶಾಲೆಗೆ ಬರುತ್ತೇನೆ. ಮಕ್ಕಳಿಗೆ ನನ್ನ ಕೈ ತೋರಿಸಿದರೆ ನಿಮ್ಮ ಮಗಳ ಕೆನ್ನೆ ಅವರಿಗೆ ಸಪ್ಪೆ ಅನ್ನಿಸುತ್ತದೆ.

ಹೊಸ ಸದಸ್ಯೆ

ಸಂದೇಶ ಕಳುಹಿಸಿದ್ದೇನೆ ಅಣ್ಣ. ಎರಡೂವರೆ ಗಂಟೆಯ ದಾರಿ.

ಒಗ್ಗರಣೆ ಡಬ್ಬಿ

ಬರುವಾಗ ಹೇಳಿ, ಮಧ್ಯದಲ್ಲಿ ನನ್ನ ಊರು ಸಿಕ್ಕರೆ ಚಕ್ಕುಲಿ ಕಟ್ಟಿಕೊಡುತ್ತೇನೆ. ಸಿಸ್ಟರ್, ಒಂದು ಕೇಳುವುದಿತ್ತು. ಆ ಕಲ್ಲಿನ ಬೆಂಚಿನ ಮೇಲೆ ಜನ ನಿಜವಾಗಿಯೂ ಕೂರುತ್ತಾರೆಯೇ, ಇಲ್ಲ ಬರಿಯ ಅಲಂಕಾರವೇ?

ಕಡಲೂರ ನರ್ಸ್

ಕೂರುತ್ತಾರೆ ಅಕ್ಕ. ನಾನು ಹೋದಾಗ ಮಳೆ ಆಗಷ್ಟೇ ನಿಂತಿತ್ತು. ಒಬ್ಬ ಅಜ್ಜಿ ತರಕಾರಿ ಚೀಲ ಪಕ್ಕಕ್ಕಿಟ್ಟು, ಕರವಸ್ತ್ರದಿಂದ ಕಲ್ಲು ಒರೆಸಿ, ನನಗೂ ಅಷ್ಟು ಜಾಗ ಒರೆಸಿಕೊಟ್ಟರು. ಚಿಕ್ಕವರಿದ್ದಾಗ ಇದೇ ಊರಿನಲ್ಲಿದ್ದರಂತೆ. 1943ರ ಜುಲೈ 9ರಂದು ಇಲ್ಲಿನ ಸಿನಿಮಾ ಮಂದಿರದ ಮೇಲೆ ಜರ್ಮನ್ ಬಾಂಬು ಬಿದ್ದು 108 ಜನ ಸತ್ತರಲ್ಲ, ಅಂದು ಅಮ್ಮ ದುಡ್ಡು ಕೊಡಲಿಲ್ಲವೆಂದು ತಾವು ಸಿನಿಮಾಕ್ಕೆ ಹೋಗಿರಲಿಲ್ಲ ಎಂದರು. ಮೆಕಿಂಡೊ ಅವರ ಹುಡುಗರು ನೆನಪಿದ್ದಾರೆಯೇ ಎಂದು ಕೇಳಿದೆ. ಒಬ್ಬ ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದ, ಕಪ್ ಹಿಡಿಯಲು ಆಗುತ್ತಿರಲಿಲ್ಲ, ಅಮ್ಮ ಬಟ್ಟಲಿನಲ್ಲಿ ಕೊಡುತ್ತಿದ್ದರು ಎಂದರು. ಅವನ ಮುಖ ಹೇಗಿತ್ತು ಎಂದೆ. ಸ್ವಲ್ಪ ಹೊತ್ತು ಯೋಚಿಸಿದರು. ಮುಖ ನೆನಪಿಲ್ಲ, ಸಕ್ಕರೆ ಬಹಳ ಹಾಕಿಸಿಕೊಳ್ಳುತ್ತಿದ್ದ, ಆಗ ರೇಷನ್ ಬೇರೆ ಎಂದರು.